ಅಕ್ಕೋರ ಚಳಿಗಾಲದ ಹಗ್ಗ

ಅಕ್ಕೋರು ತೀರಿಕೊಂಡದ್ದು ಎಳ್ಳ ಅಮಾವಾಸ್ಯೆಯ ಹಿಂದಿನ ದಿನ. ಮರುದಿನ ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಅವರ ಮಣ್ಣಿಗೆ ಬಂದವರು ಹದಿನೈದು ಜನ ಆದರೆ ಹೆಚ್ಚು. ಉಳಿದ ಮಾಸ್ತರರು, ಅವರ ಕೈಯಲ್ಲಿ ಅಕ್ಷರ ತಿದ್ದಿದ ಹುಡುಗರು, ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದರು. ಮೊಬೈಲಿನ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು, ಮನುಷ್ಯರು ಬರಲಿಲ್ಲ. ತಪ್ಪೇನಿಲ್ಲ, ವರ್ಷಕ್ಕೊಮ್ಮೆ ಬರುವ ಹಬ್ಬ. ಆದರೂ ನನಗೆ ಸಿಟ್ಟು ಬಂತು. ಯಾವ ಹಬ್ಬವನ್ನು ಅವರು ಮಕ್ಕಳಿಗೆ ಅ ಆ ಇ ಈ ಕಲಿಸಿದಷ್ಟು ಅಕ್ಕರೆಯಿಂದ ಕಲಿಸಿದ್ದರೋ ಅದೇ ಹಬ್ಬ ಅವರ ಕಡೆಯ ದಿನಕ್ಕೆ ಜನರನ್ನು ತಪ್ಪಿಸಿತ್ತು. ಸಿಟ್ಟು ಮಾಡಿಕೊಳ್ಳಲು ನಾನ್ಯಾವ ದೊಡ್ಡ ಮನುಷ್ಯ ಎಂದು ಸ್ವಲ್ಪ ಹೊತ್ತಿಗೆ ನಾಚಿಕೆಯೂ ಆಯಿತು.

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ಹೀಗಾಗಿ ಪ್ರತಿ ಊರಿಗೂ ನಾಲ್ಕೈದು ಅಕ್ಕೋರುಗಳಿರುತ್ತಾರೆ. ನನಗೆ ಮಾತ್ರ ಆ ಹೆಸರು ಕೇಳಿದರೆ ಇವರೊಬ್ಬರೇ ಕಣ್ಣಿಗೆ ಬರುತ್ತಾರೆ. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಮಣ್ಣಿನ ರಸ್ತೆಗೆ ಹೊರಳಿದರೆ ಸಿಗುವ ಊರಿನ ಸರಕಾರಿ ಶಾಲೆಯಲ್ಲಿ ನಾನು ಒಂಬತ್ತು ವರ್ಷ ಮುಖ್ಯೋಪಾಧ್ಯಾಯನಾಗಿದ್ದೆ. ಅವರು ಒಂದರಿಂದ ಮೂರನೆಯ ಇಯತ್ತೆಯ ಮಕ್ಕಳಿಗೆ ಕಲಿಸುತ್ತಿದ್ದರು. ಮಕ್ಕಳು ನನ್ನನ್ನು ‘ದೊಡ್ಡ ಸರ್’ ಎಂದು ಕರೆಯುತ್ತಿದ್ದರು. ಎತ್ತರಕ್ಕೂ ಆ ಹೆಸರಿಗೂ ಸಂಬಂಧವಿರಲಿಲ್ಲ, ಕೊಠಡಿಗೆ ಪರದೆ ಇದ್ದದ್ದು ನನಗೊಬ್ಬನಿಗೇ.

ಅಕ್ಕೋರು ಗಿಡ್ಡಗೆ, ದುಂಡಗೆ ಇದ್ದರು. ಬೆಟಗೇರಿಯಿಂದ ಬೆಳಿಗ್ಗೆಯ ಬಸ್ಸು ಹಿಡಿದು, ಲಕ್ಷ್ಮೇಶ್ವರದಲ್ಲಿ ಇಳಿದು, ಟಂಟಂನಲ್ಲಿ ಚಾಲಕನ ಪಕ್ಕ ಅರ್ಧ ಹೊರಗೆ ಅರ್ಧ ಒಳಗೆ ಕೂತು ಬರುತ್ತಿದ್ದರು. ದೀಪಾವಳಿಯ ಮರುದಿನ ಮೈಮೇಲೆ ಒಂದು ಕಂದು ಸ್ವೆಟರ್ ಹತ್ತಿತೆಂದರೆ ಅದು ಇಳಿಯುವುದು ಶಿವರಾತ್ರಿಗೇ. ಅದರ ಐದು ಗುಂಡಿಗಳಲ್ಲಿ ಮೂರು ಒಂದು ತರಹ, ಎರಡು ಇನ್ನೊಂದು ತರಹ. ನಮ್ಮ ಎರೆಹೊಲದ ಸೀಮೆಯ ಚಳಿ ಎಂಥದ್ದು? ಬೆಳಿಗ್ಗೆ ಒಂದು ತಾಸು ಹಲ್ಲು ಕಡಿಸಿ, ಹತ್ತಕ್ಕೆಲ್ಲ ಬೆನ್ನು ಸುಡುವ ಚಳಿ. ಮಧ್ಯಾಹ್ನದ ಬಿಸಿಲಿನಲ್ಲೂ ಅವರು ಸ್ವೆಟರ್ ತೆಗೆಯುತ್ತಿರಲಿಲ್ಲ.

“ಅಕ್ಕೋರ, ಸೆಕಿ ಆಗಂಗಿಲ್ಲೇನ್ರಿ?” ಎಂದು ಒಮ್ಮೆ ಕೇಳಿದ್ದೆ.

“ಆಗತೈತ್ರಿ ಸರ್. ಆದ್ರ ನಾ ತಗದ್ರ ಹುಡ್ರು ಚಳಿಗಾಲ ಮುಗೀತು ಅಂತಾವ. ಹಬ್ಬ ಇನ್ನ ಎರಡು ಉಳದಾವ.”

ಅವರ ಲೆಕ್ಕದಲ್ಲಿ ಚಳಿಗಾಲವೆಂದರೆ ಹಬ್ಬಗಳ ಕಾಲ. ತರಗತಿಯ ಈ ಗೋಡೆಯಿಂದ ಆ ಗೋಡೆಗೆ ಒಂದು ನೂಲಿನ ಹಗ್ಗ ಕಟ್ಟುತ್ತಿದ್ದರು. ನೇಕಾರರ ಓಣಿಯಲ್ಲಿ ಹುಟ್ಟಿ ಬೆಳೆದವರು, ಬಣ್ಣಬಣ್ಣದ ನೂಲಿಗೆ ಅವರಲ್ಲಿ ಬರವಿರಲಿಲ್ಲ. ಹಗ್ಗದ ಒಂದೊಂದು ಗಂಟಿಗೆ ಒಂದೊಂದು ಹಬ್ಬ. ಮೊದಲ ಗಂಟು ಲಂಬಾಣಿ ತಾಂಡಾದ ಹುಡುಗಿಯರ ದೀಪಾವಳಿ, ಆಮೇಲೆ ಎಳ್ಳ ಅಮಾವಾಸ್ಯೆ, ಕ್ರಿಸ್‌ಮಸ್, ಸಂಕ್ರಾಂತಿ, ಕಡೆಗೆ ಶಿವರಾತ್ರಿ. ಯಾರ ಮನೆಯ ಹಬ್ಬವೋ ಆ ಮಗು ಅಂದು ಅಕ್ಕೋರ ಕುರ್ಚಿಯ ಮೇಲೆ ಕೂಡಬೇಕು, ಅಕ್ಕೋರು ಕೆಳಗೆ ಚಾಪೆಯ ಮೇಲೆ ಮಕ್ಕಳ ನಡುವೆ. ಕುರ್ಚಿಯ ಮೇಲಿನ ಕೂಸು ತನ್ನ ಮನೆಯಲ್ಲಿ ಏನೇನು ಮಾಡುತ್ತಾರೆ ಎಂದು ಹೇಳಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಆಮೇಲೆ ಆ ಮನೆಯ ಡಬ್ಬಿ ಬಿಚ್ಚಿ ಎಲ್ಲರೂ ತಿನ್ನಬೇಕು.

ಅದಕ್ಕೊಂದು ಕಟ್ಟುನಿಟ್ಟಾದ ನೇಮವಿತ್ತು. ‘ಹಿಂಗ ಮಾಡಬೇಕು’ ಅನ್ನಬಾರದು, ‘ನಮ್ಮನ್ಯಾಗ ಹಿಂಗ’ ಅನ್ನಬೇಕು. ಒಮ್ಮೆ ಗೌಡರ ಮನೆಯ ಹುಡುಗನೊಬ್ಬ, “ಸಂಕ್ರಾಂತಿಗೆ ಮಾದ್ಲಿ ಮಾಡಲಿಲ್ಲಂದ್ರ ಅದು ಹಬ್ಬನ ಅಲ್ಲ” ಎಂದುಬಿಟ್ಟ. ಮಾದ್ಲಿಯ ಸಿಹಿ ಮಾಡದ ಮನೆಯ ಹುಡುಗಿಯ ಮುಖ ಸಣ್ಣದಾಯಿತು. ಅಕ್ಕೋರು ಬೈಯಲಿಲ್ಲ. “ಕುರ್ಚಿ ಇಳೀಪಾ. ಮತ್ತ ಏರು. ಈಗ ಮತ್ತ ಹೇಳು” ಎಂದರು. ಹುಡುಗ ಇಳಿದು ಏರಿ, “ನಮ್ಮನ್ಯಾಗ ಮಾದ್ಲಿ ಮಾಡ್ತಾರ” ಎಂದ. “ಭೇಷ್. ಅವರ ಮನ್ಯಾಗ ಏನು ಮಾಡ್ತಾರ ಅಂತ ಈಗ ನೀನ ಕೇಳು” ಎಂದರು. ನಾನು ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದೆ. ಇಷ್ಟು ವರ್ಷ ನೌಕರಿ ಮಾಡಿದರೂ ನನಗೆ ಆ ಉಪಾಯ ಹೊಳೆದಿರಲಿಲ್ಲ ಎಂದು ಒಳಗೊಳಗೇ ಹೊಟ್ಟೆಕಿಚ್ಚೂ ಆಗಿತ್ತು.

ಪಿಂಜಾರರ ಹುಡುಗನೊಬ್ಬ ಒಂದು ವರ್ಷ ಹಗ್ಗ ನೋಡಿ ಮುನಿಸಿಕೊಂಡ. “ನಮ್ಮ ಹಬ್ಬ ಯಾಕ ಇಲ್ರಿ ಇದರಾಗ?” ಎಂದ. ಆಗ ರಂಜಾನ್ ಬರುತ್ತಿದ್ದದ್ದು ಮಳೆಗಾಲದ ನಡುವೆ. ಅಕ್ಕೋರು ಅವನನ್ನು ಹತ್ತಿರ ಕೂಡಿಸಿಕೊಂಡು ಹೇಳಿದರು: “ನಿಮ್ಮ ಹಬ್ಬ ಚಂದ್ರಾಮನ ಜೋಡಿ ನಡಕೋಂತ ಬರತೈತಪಾ. ವರ್ಷಾ ಹತ್ತು ಹನ್ನೊಂದು ದಿನ ಮುಂಚೆ ಬರತೈತಿ. ಬಂದು ಬಂದು ಒಂದಿನ ಚಳಿಗಾಲಕ್ಕ ಬಂದು ಮುಟ್ಟತೈತಿ. ಅಲ್ಲೀತನಾ ಜಾಗಾ ಹಿಡದಿಡೂಣು.” ಹಾಗೆ ಹೇಳಿ ಶಿವರಾತ್ರಿಯ ಗಂಟಿನ ಆಚೆ ಏನೂ ತೂಗುಹಾಕದ ಒಂದು ಹಸಿರು ಗಂಟು ಹಾಕಿದರು. ಮುಂದಿನ ವರ್ಷಗಳಲ್ಲೂ ಅದು ಇತ್ತು. ಹೊಸ ಮಕ್ಕಳು ಅದು ಯಾರದೆಂದು ಕೇಳಿದರೆ ಹಳೆಯ ಮಕ್ಕಳೇ, “ದಾರ್ಯಾಗ ಐತಿ, ಬರತೈತಿ” ಎನ್ನುತ್ತಿದ್ದವು.

“ಯಾಕ್ರೀ ಅಕ್ಕೋರ ಇಷ್ಟು ಉಸಾಬರಿ?” ಎಂದು ನಾನು ಕೇಳಿದ್ದುಂಟು. ಇನ್ನೊಬ್ಬರು ಮೈಮುರಿದು ಕೆಲಸ ಮಾಡಿದರೆ ಮುಖ್ಯೋಪಾಧ್ಯಾಯರಿಗೆ ಬರುವ ಆತಂಕ ಅದು.

“ನಮ್ಮ ಓಣ್ಯಾಗ ಮಗ್ಗದ ಸಪ್ಪಳಕ್ಕ ಒಬ್ಬರ ಮಾತು ಒಬ್ಬರಿಗೆ ಕೇಳ್ತಿದ್ದಿಲ್ರಿ. ಯಾರ ಮನ್ಯಾಗ ಹಬ್ಬ ಅಂತ ವಾಸನಿ ಮ್ಯಾಲ ತಿಳ್ಕೋತಿದ್ವಿ. ಈ ಹುಡ್ರಿಗೆ ಬಾಜೂ ಮನಿ ವಾಸನಿ ಗೊತ್ತಿಲ್ರಿ. ದೊಡ್ಡಾವಾದಮ್ಯಾಲ ಕಲಿಸಿದ್ರ ತಲಿಗೆ ಹೋಗತೈತಿ, ಮೂಗಿಗೆ ಹೋಗಂಗಿಲ್ಲ.”

ಹೀಗೆ ನಡೆದಿತ್ತು. ನಡೆದುಕೊಂಡೇ ಹೋಗುತ್ತಿತ್ತೇನೋ. ಹನ್ನೊಂದು ವರ್ಷದ ಹಿಂದೆ ಎಳ್ಳ ಅಮಾವಾಸ್ಯೆ ಕ್ರಿಸ್‌ಮಸ್‌ಗೆ ಮೂರು ದಿನ ಮೊದಲು ಬಂತು.

ಎಳ್ಳ ಅಮಾವಾಸ್ಯೆಗೆ ನಮ್ಮಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಟ್ಟು ಸುಣ್ಣ ಬಳಿದು ಪೂಜೆ ಮಾಡಿ, ತಂದ ಅಡುಗೆಯನ್ನು ಬುಟ್ಟಿಯಲ್ಲಿ ಕಲಸಿ, ಭೂಮಿತಾಯಿಗೆಂದು ಬೆಳೆಯ ಸುತ್ತ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಮುಂದಿನವರು ‘ಹುಲ್ಲುಲ್ಲಿಗೋ’ ಎಂದು ಕೂಗುತ್ತಾ ಚೆಲ್ಲಿದರೆ, ಹಿಂದಿನವರು ‘ಚಲ್ಲಂಬ್ರಿಗೋ’ ಎಂದು ನೀರು ಚಿಮುಕಿಸುತ್ತಾ ಬರುತ್ತಾರೆ. ಹಬ್ಬದ ದಿನ ಮಕ್ಕಳು ಶಾಲೆಗೆ ಬರುವುದಿಲ್ಲವೆಂದು ಅಕ್ಕೋರು ಹಿಂದಿನ ದಿನವೇ ಅವರನ್ನು ಶಾಲೆಗೆ ಹೊಂದಿಕೊಂಡ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಹೊಲದ ಯಜಮಾನ ಒಳ್ಳೆಯವನು. “ಮಕ್ಕಳ ಕೈಲೆ ಚರಗ ಅಂದ್ರ ಬೆಳಿ ಚಲೋ ಆಗತೈತ್ರಿ” ಎಂದು ತಾನೇ ಬದುವಿನ ಕಸ ತೆಗೆದುಕೊಡುತ್ತಿದ್ದ.

ಆ ವರ್ಷ ಮೂರನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಊರಿನ ಆರೋಗ್ಯ ಉಪಕೇಂದ್ರದ ನರ್ಸಮ್ಮನ ಮಗಳು, ಊರಿಗೆಲ್ಲ ಅದೊಂದೇ ಕ್ರಿಶ್ಚಿಯನ್ ಮನೆ. ಎರಡು ಜಡೆ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಕ್ರಿಸ್‌ಮಸ್‌ಗೆ ಅವರು ತವರಿಗೆ ಹೋಗುವವರಿದ್ದರು. ಆದ್ದರಿಂದ ಅಕ್ಕೋರು ಅವಳ ಸರದಿಯನ್ನು ಮುಂದೆ ತಂದು, ಅಂದೇ ಚರಗದ ನಂತರ ಬೇವಿನ ಗಿಡದ ಕೆಳಗೆ ಅವಳ ಹಬ್ಬವನ್ನೂ ಮಾಡುವುದೆಂದು ಇಟ್ಟುಕೊಂಡರು. ಕುರ್ಚಿ ಹೊತ್ತುಕೊಂಡು ಹೊಲಕ್ಕೆ ಹೋಗಿದ್ದರು ಮಕ್ಕಳು. ಹುಡುಗಿ ಸ್ಟೀಲಿನ ಡಬ್ಬಿಯಲ್ಲಿ ಅವ್ವ ಮಾಡಿದ ಕೇಕು ತಂದಿದ್ದಳು.

ಚರಗದ ಬುಟ್ಟಿ ಮುಂದಿಟ್ಟುಕೊಂಡು ಅಕ್ಕೋರು ಪ್ರತಿ ವರ್ಷದ ಹಾಗೆಯೇ ಹೇಳಿದರಂತೆ: “ಎಲ್ಲಾರೂ ತಮ್ಮ ತಮ್ಮ ಬುತ್ತ್ಯಾಗಿಂದು ಒಂದೊಂದು ತುತ್ತು ಭೂಮಿತಾಯಿಗೆ ಹಾಕ್ರಿ.” ಸಜ್ಜೆ ರೊಟ್ಟಿ ಬಿತ್ತು, ಶೇಂಗಾ ಹೋಳಿಗೆ ಬಿತ್ತು, ಕರಿಗಡಬು, ಪುಂಡಿಪಲ್ಯ, ಮೊಸರನ್ನ ಬಿದ್ದವು. ಹುಡುಗಿ ಡಬ್ಬಿ ತೆಗೆದು ಎಲ್ಲರಿಗಿಂತ ದೊಡ್ಡದಾದ ತುಂಡು ಹಾಕಿದಳು. ಎಲ್ಲ ಕಲಸಿ ಹುಲ್ಲುಲ್ಲಿಗೋ ಎಂದು ಹೊಲದ ತುಂಬ ಚೆಲ್ಲಿ ಬಂದರು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಹುಡುಗರು ಮೊಬೈಲಿನಲ್ಲಿ ಅದನ್ನು ಹಿಡಿದಿದ್ದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಕೇಕಿನಲ್ಲಿ ಕೋಳಿಯ ತತ್ತಿ ಇರುತ್ತದೆ. ಆ ಹೊಲದ ಮನೆಯವರು ಏಳು ತಲೆಮಾರಿನಿಂದ ತತ್ತಿ ಮುಟ್ಟಿದವರಲ್ಲ.

ಹಬ್ಬ ಮುಗಿದ ಮರುದಿನ ಹೊಲದ ಯಜಮಾನ ನನ್ನ ಕೊಠಡಿಗೆ ಬಂದ. ಜೊತೆಗೆ ಐದಾರು ಜನ ತರುಣರು. ಅವರು ಗದ್ದಲ ಮಾಡಿದರು, ಅವನು ಮಾಡಲಿಲ್ಲ. “ಸಾಲಿ ಹುಡ್ರು, ನಾ ಏನೂ ಅನ್ನಂಗಿಲ್ರಿ. ಖರೆ ನಮ್ಮವ್ವ ನಿನ್ನೆ ಹೊಲಕ್ಕ ಬರಲಿಲ್ಲ. ಎಡಿ ಮಾಡಿದ್ದು ಹಂಗ ಐತಿ. ಭೂಮಿತಾಯಿ ಮುಂದ ಹೆಂಗ ನಿಲ್ಲಲಿ ಅಂತ ಉಪಾಸ ಮಲಗ್ಯಾಳ. ಎಂಬತ್ತು ವರ್ಷದಾಕಿ” ಎಂದ. ಅವನ ಕಣ್ಣಲ್ಲಿ ನೀರಿತ್ತು. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ.

ತರುಣರಲ್ಲೊಬ್ಬ, “ಯಾರು ತಂದಿದ್ದು ಅಂತ ಕರೀರಿ” ಎಂದ. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದೇ ಆಗ ನನ್ನ ಧರ್ಮ. ಕರೆಸಿದೆ. ಹುಡುಗಿ ಬಂದಳು, ಹಿಂದೆ ಅಕ್ಕೋರು. ಅಷ್ಟು ಗಂಡಸರನ್ನು ನೋಡಿ ಹುಡುಗಿ ಅಕ್ಕೋರ ಸ್ವೆಟರಿನ ತುದಿ ಹಿಡಿದುಕೊಂಡಳು.

“ಸರ್, ನಾ ತರಬಾರದಾಗಿತ್ತೇನ್ರಿ?” ಎಂದು ನನ್ನನ್ನೇ ಕೇಳಿದಳು.

ಅಕ್ಕೋರು ಬಾಯಿ ತೆರೆಯುವುದರೊಳಗೆ ನಾನು ಎದ್ದುಹೋಗಿ ಅವಳ ತಲೆ ಸವರಿದೆ. ಎಲ್ಲರಿಗೂ ಕೇಳುವಂತೆ, ಆದರೆ ಮೆತ್ತಗೆ ಹೇಳಿದೆ: “ಹೌದವಾ. ನಿಮ್ಮನಿದು ನಿಮ್ಮನ್ಯಾಗ ತಿನ್ನಬೇಕು. ಹೊರಗ ತರಬಾರದು, ಮಂದಿಗೆ ಕೊಡಬಾರದು. ತಿಳೀತಿಲ್ಲ?”

“ತಿಳೀತ್ರಿ ದೊಡ್ಡ ಸರ್” ಎಂದಳು.

ಬಂದವರಿಗೆ ಸಮಾಧಾನವಾಯಿತು. ಚಹಾ ತರಿಸಿದೆ. ಎಷ್ಟು ಹಗುರಾಗಿ ಮುಗಿಸಿದೆನಲ್ಲ ಎಂದು ನನಗೆ ನನ್ನ ಮೇಲೆಯೇ ಮೆಚ್ಚಿಗೆಯಾಯಿತು. ಅದನ್ನು ಬರೆಯದಿದ್ದರೆ ಈ ಬರಹವೆಲ್ಲ ಸುಳ್ಳು.

ಅವರು ಹೋದ ಮೇಲೆ ಅಕ್ಕೋರಿಗೆ ಕೇಳಿದೆ. “ನೀವು ನೋಡಲಿಲ್ಲೇನ್ರಿ ಆಕಿ ಹಾಕೂದು?”

“ನೋಡಿದ್ನಿರಿ.”

“ಮತ್ತ ಸುಮ್ಮನ ಬಿಟ್ರಿ?”

“ಎಲ್ಲಾರೂ ಹಾಕ್ರಿ ಅಂದಿದ್ನಿರಿ ಸರ್. ಎಲ್ಲಾರೊಳಗ ಆಕೀನೂ ಬಂದ್ಲು. ಹಲ್ಲಿಲ್ಲದ ಬಾಯಿಲೆ ನಕ್ಕೋಂತ ಹಾಕಿದ್ಲು. ಹಾಕಿದ್ದನ್ನ ಹೆಂಗ ತಗೀಲ್ರಿ? ತಗದಿದ್ರ ಆ ಅಜ್ಜಿ ಉಂಡಿರತಿದ್ಲು, ಖರೆ. ನನಗ ಎರಡೂ ಕಡಿ ತಿಳೀತು, ಕೈ ಮಾತ್ರ ಏಳಲಿಲ್ರಿ.”

ಮೇಲಿನವರಿಗೆ ತೋರಿಸಲೆಂದು ಅವರಿಂದ ಒಂದು ಬರಹ ಮಾಡಿಸಿಕೊಂಡೆ. ಪಠ್ಯಪುಸ್ತಕದ ಹೊರಗಿನ ಯಾವ ಹಬ್ಬವನ್ನೂ ತರಗತಿಯಲ್ಲಿ ಮಾಡಿಸುವುದಿಲ್ಲ ಎಂದು ನಾನು ಹೇಳುತ್ತ ಹೋದೆ, ಅವರು ದುಂಡಗಿನ ಅಕ್ಷರದಲ್ಲಿ ಬರೆಯುತ್ತ ಹೋದರು. ಸಹಿ ಮಾಡಿ ಪೆನ್ನಿಗೆ ಟೊಪ್ಪಿಗೆ ಹಾಕಿ ಎದ್ದು ನಿಂತರು.

“ಬರ್ಕೊಟ್ಟೇನ್ರಿ. ಹಗ್ಗಾನೂ ಇವತ್ತ ಬಿಚ್ಚತೇನಿ. ಒಂದ ಕೇಳ್ಕೋತೇನ್ರಿ ಸರ್. ಆ ಕೂಸಿಗೆ ಹೇಳಿದ ಮಾತು ತಿರುಗಿ ತೊಗೊಳ್ರಿ.”

“ನೋಡೂಣ್ರಿ, ಗದ್ದಲ ತಣ್ಣಗಾಗಲಿ” ಎಂದೆ.

ಗದ್ದಲ ತಣ್ಣಗಾಗುವುದರೊಳಗೆ ನರ್ಸಮ್ಮ ಕೇಳಿಕೊಂಡು ಮುಂಡರಗಿ ಕಡೆಗೆ ವರ್ಗ ಮಾಡಿಸಿಕೊಂಡರು. ಅಕ್ಕೋರು ಒಂದು ಭಾನುವಾರ ಬಸ್ಸು ಹಿಡಿದು ಅಲ್ಲಿಗೆ ಹೋದರಂತೆ. ಹುಡುಗಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು, ನಿನ್ನದೇನೂ ತಪ್ಪಿಲ್ಲ ಎಂದರಂತೆ. ಅವಳು ಕೇಳಿಸಿಕೊಂಡು, “ನೀವು ಹಂಗ ಅಂತೀರಿ ಅಕ್ಕೋರ. ದೊಡ್ಡ ಸರ್ ತರಬಾರದು ಅಂದಾರಲ್ರಿ” ಎಂದಳಂತೆ. ತಿರುಗಿ ಬಂದು ಅಕ್ಕೋರು ನನಗಿದನ್ನು ಹೇಳಿದರು. “ನನ್ನ ಮಾತು ನಡಿಯಂಗಿಲ್ರಿ ಸರ್. ನಿಮ್ಮ ಮಾತು ದೊಡ್ಡದು. ನೀವ ಹೋಗಬೇಕ್ರಿ.”

ನಾನು ಹೋಗಲಿಲ್ಲ. ಮುಂಡರಗಿ ಏನು ಕಾಶಿಯಲ್ಲ. ಮೊದಲ ವರ್ಷ ಪರೀಕ್ಷೆ, ಎರಡನೆಯ ವರ್ಷ ನಿವೃತ್ತಿಯ ಕಾಗದಪತ್ರ, ಆಮೇಲೆ ಮೊಣಕಾಲು. ಖರೆ ಹೇಳಬೇಕೆಂದರೆ, ಏಳೆಂಟು ವರ್ಷದ ಹುಡುಗಿಯ ಮುಂದೆ ಹೋಗಿ ನಾನು ತಪ್ಪಂದೆ ಅನ್ನಲು ನಾಲಗೆ ಏಳಲಿಲ್ಲ.

ಅಕ್ಕೋರು ಬರೆದುಕೊಟ್ಟದ್ದನ್ನು ಅಕ್ಷರಶಃ ನಡೆಸಿದರು. ಮಕ್ಕಳಿಗೆ ಓದು ಬರಹ ಲೆಕ್ಕ ಎಲ್ಲ ಕಲಿಸಿದರು, ಚೆನ್ನಾಗಿಯೇ ಕಲಿಸಿದರು. ಆದರೆ ಆ ಮುಂದಿನ ದೀಪಾವಳಿಗೆ ಸ್ವೆಟರ್ ಮೈಮೇಲೆ ಬರಲಿಲ್ಲ. ಬೆಳಗಿನ ಟಂಟಂ ಗಾಳಿಯಲ್ಲಿ ಸೆರಗು ಹೊದ್ದು ನಡುಗುತ್ತಾ ಬರುತ್ತಿದ್ದರು. ಗೋಡೆಯ ಎರಡು ಮೊಳೆ ಹಾಗೇ ಉಳಿದಿದ್ದವು. ಒಂದು ಮಗು, “ಅಕ್ಕೋರ, ಹಗ್ಗ ಯಾವಾಗ ಕಟ್ಟೂದ್ರಿ?” ಎಂದು ಕೇಳಿದ್ದನ್ನು ನಾನು ಕಿಟಕಿಯಿಂದ ಕೇಳಿದೆ. “ಪುಸ್ತಕದಾಗ ಇಲ್ಲಪಾ” ಎಂದರು. ಮರುವರ್ಷ ಯಾರೂ ಕೇಳಲಿಲ್ಲ. ಮಕ್ಕಳು ಡಬ್ಬಿಗೆ ಕೈ ಅಡ್ಡ ಹಿಡಿದು ಉಣ್ಣುವುದನ್ನು ಯಾರೂ ಕಲಿಸಲಿಲ್ಲ, ತಾವೇ ಕಲಿತವು.

ನಾನು ನಿವೃತ್ತನಾಗಿ ಗದಗಿನಲ್ಲಿ ಮನೆ ಮಾಡಿದ ಮೇಲೂ ಪ್ರತಿ ಸಂಕ್ರಾಂತಿಗೆ ಅಕ್ಕೋರು ಕುಸುರೆಳ್ಳು ಕೊಡಲು ಬರುತ್ತಿದ್ದರು. ಒಂದು ವರ್ಷವೂ ತಪ್ಪಿಸಲಿಲ್ಲ. ನಾಲ್ಕು ಕಾಳು ಅಂಗೈಗೆ ಹಾಕಿ, “ಎಳ್ಳು ಬೆಲ್ಲ ತೊಗೊಂಡು ಎಳ್ಳು ಬೆಲ್ಲದಂಗ ಇರೂಣ್ರಿ ಸರ್” ಎನ್ನುತ್ತಿದ್ದರು. ಆಮೇಲೆ ಚಹಾ ಕುಡಿದು ಬಟ್ಟಲು ಕೆಳಗಿಡುವಾಗ, “ಮುಂಡರಗಿಗೆ ಹೋಗಿದ್ರೇನ್ರಿ?” ಎಂದು ಕೇಳುತ್ತಿದ್ದರು. “ಬ್ಯಾಸಗಿಗೆ ಹೋಗಿಬರತೇನ್ರಿ” ಎನ್ನುತ್ತಿದ್ದೆ. ಒಮ್ಮೆಯೂ ಏರುದನಿಯಲ್ಲಿ ಮಾತಾಡಲಿಲ್ಲ, ಒಮ್ಮೆಯೂ ಕೇಳುವುದನ್ನು ಬಿಡಲಿಲ್ಲ. ಹೋದ ಸಂಕ್ರಾಂತಿಗೆ ಬಂದಾಗ ಬಹಳ ಸೊರಗಿದ್ದರು. ಮೆಟ್ಟಿಲು ಹತ್ತಲಾಗದೆ ಕೆಳಗೇ ನಿಂತು ಕರೆದರು. ಅಂದೂ ಕೇಳಿದರು. ನಾನೂ ಬೇಸಿಗೆಯ ಮಾತನ್ನೇ ಹೇಳಿದೆ. “ಹುಡುಗಿ ಈಗ ಮುಂಡರಗ್ಯಾಗ ಇಲ್ರಿ ಸರ್. ಗದಗಿನಾಗ ನರ್ಸಿಂಗ್ ಕಲಿಯಾಕ ಬಂದಾಳ. ನಿಮಗ ಬಸ್ಸೂ ಬೇಕಾಗಿಲ್ಲ” ಎಂದು ನಕ್ಕು ಹೋದರು. ಆ ಬೇಸಿಗೆಯೂ ಹೋಯಿತು. ಈಗ ಅಕ್ಕೋರೂ ಇಲ್ಲ.

ಮಣ್ಣಿನ ದಿನ ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ನಮ್ಮ ಶಾಲೆಯ ಊರಿನ ತರುಣನೊಬ್ಬ ಕೂತಿದ್ದ. ಗದಗಿನಲ್ಲಿ ಏನೋ ಕೆಲಸವಿತ್ತಂತೆ, ಹಾಗೇ ಬಂದಿದ್ದ. ಮುಖ ನೋಡಿದರೆ ಗುರುತು ಸಿಕ್ಕಿತು, ಹಗ್ಗಕ್ಕೆ ಹಸಿರು ಗಂಟು ಹಾಕಿಸಿದ ಹುಡುಗ. “ನಿಮ್ಮ ಹಬ್ಬ ಈ ಸಲ ಶಿವರಾತ್ರಿ ಬೆನ್ನ ಹಿಂದನ ಬರತೈತಲ್ಲೋ, ಚಳಿಗಾಲಕ್ಕ ಬಂದು ಮುಟ್ಟಿತು” ಎಂದೆ. ಅವನಿಗೆ ತಿಳಿಯಲಿಲ್ಲ. ಗಂಟಿನ ಮಾತು ನೆನಪಿಸಿದೆ. ತಲೆ ಕೆರೆದುಕೊಂಡು, “ನೆಪ್ಪಿಲ್ರಿ ಸರ್. ಕೇಕಿನ ಗದ್ದಲಾ ಆತಲ್ರಿ, ಅದಷ್ಟ ನೆಪ್ಪೈತಿ” ಎಂದ.

ಆ ಹೊತ್ತಿಗೆ ಮುಂಡರಗಿಯ ಬಸ್ಸಿಗೆ ಬಂದ ನರ್ಸಮ್ಮ ಒಳಗೆ ಹೋಗಿ ಹಾರ ಹಾಕಿ ಬಂದರು. ಕೂದಲು ಬೆಳ್ಳಗಾಗಿತ್ತು. ನಾನೇ ಎದ್ದು ಮಾತಾಡಿಸಿದೆ. “ಮಗಳು ಇಲ್ಲೇ ಗದಗಿನಾಗ ಅದಾಳಂತಲ್ರಿ. ಕರಕೊಂಡು ಬರಬೇಕಾಗಿತ್ತು.”

“ಫೋನ್ ಮಾಡಿದ್ನಿರಿ ಸರ್. ಬೆಳಗಿನಿಂದ ಅಳಾಕ ಹತ್ತ್ಯಾಳ. ಬಾ ಅಂದ್ರ ‘ಅಲ್ಲಿ ದೊಡ್ಡ ಸರ್ ಬಂದಿರತಾರ’ ಅಂದ್ಲು.”

ಅವರು ಬೇಡವೆಂದುಕೊಂಡೇ ಮಾತು ಮುಂದುವರಿಸಿದರು. “ಹೋದ ವರ್ಷ ಕ್ರಿಸ್‌ಮಸ್‌ಗೆ ರಜಾ ಸಿಗಲಿಲ್ರಿ ಆಕಿಗೆ. ಹಾಸ್ಟೆಲಿಗೆ ಕೇಕಿನ ಡಬ್ಬಿ ಕಳಿಸಿದ್ದೆ. ಜೋಡಿ ಹುಡುಗ್ಯಾರು ಐದು ಮಂದಿ ಇರ್ತಾರಂತ ಹೆಚ್ಚ ಹಾಕಿದ್ದೆ. ಬೂಸಲಾ ಹತ್ತಿ ಕೆಟ್ಟು ಹಂಗ ತಿರುಗಿ ಬಂತ್ರಿ. ಒಬ್ಬರಿಗೂ ಕೊಟ್ಟಿಲ್ಲ. ಬಂದೈತಿ ಅಂತ ಹೇಳೂ ಹೇಳಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನೇ ಎಷ್ಟು ಮಕ್ಕಳಿಗೆ ಶುದ್ಧಬರಹ ಬರೆಸಿಲ್ಲ. ಅಕ್ಕೋರು ವರ್ಷಗಟ್ಟಲೆ ಕುರ್ಚಿ ಬಿಟ್ಟುಕೊಟ್ಟು, ಚಾಪೆಯ ಮೇಲೆ ಕೂತು, ತುತ್ತು ತುತ್ತಾಗಿ ಕಲಿಸಿದ್ದರಲ್ಲಿ ಒಂದೂ ಉಳಿಯಲಿಲ್ಲ. ನಾನು ಚಹಾ ಬರುವುದರೊಳಗೆ ಕಲಿಸಿದ್ದು ಉಳಿದುಬಿಟ್ಟಿತ್ತು.

“ನಡೀರಿ, ಈಗ ಹೋಗೂಣು” ಎಂದೆ. “ಹಾಸ್ಟೆಲ್ ಎಲ್ಲೈತಿ ತೋರಿಸ್ರಿ. ನಾ ತಪ್ಪು ಹೇಳಿದ್ನೆವಾ ಅಂತ ಆಕಿ ಮುಂದ ಹೇಳತೇನಿ.”

ನರ್ಸಮ್ಮ ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಒಳಗಿನಿಂದ ಅಕ್ಕೋರನ್ನು ಹೊರಗೆ ತರುತ್ತಿದ್ದರು, ಇಬ್ಬರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟೆವು.

“ಬ್ಯಾಡ್ರಿ ಸರ್,” ಎಂದರು. “ಆಕಿ ಅದನ್ನ ಕಲ್ತುಬಿಟ್ಟಾಳ.”